ಮಣ್ಣಿನ ಮೇಲೆ ಮಣ್ಣು: ಕುಂಡದಲ್ಲೂ ಮಡಿಯಲ್ಲೂ ಪದರ ಹಾಕುವ ಮುನ್ನ

ಕುಂಡ ತುಂಬುವುದನ್ನು ನೋಡಿ ಕಲಿತವರಿಗೆಲ್ಲ ಗೊತ್ತಿರುವ ಕ್ರಮ ಒಂದೇ: ತಳಕ್ಕೆ ಮಡಕೆಯ ಚೂರು, ಅದರ ಮೇಲೆ ನಾಲ್ಕು ಹಿಡಿ ಜಲ್ಲಿ, ಆಮೇಲೆ ಒಂದಿಷ್ಟು ಮರಳು, ಕೊನೆಗೆ ಗೊಬ್ಬರ ಬೆರೆಸಿದ ಮಣ್ಣು. ನಾನೂ ಹಲವು ವರ್ಷ ಹೀಗೆಯೇ ಮಾಡಿದವನು. ಒಮ್ಮೆ ಎಲೆಗಳೆಲ್ಲ ಹಳದಿಯಾಗಿ ಜೋತುಬಿದ್ದ ಗಿಡವೊಂದನ್ನು ಕುಂಡಸಮೇತ ಬೋರಲು ಹಾಕಿ ನೋಡಿದೆ. ತಳದ ಜಲ್ಲಿ ಬಹುಮಟ್ಟಿಗೆ ಒಣಗಿತ್ತು. ಮೇಲಿನ ಮಣ್ಣೂ ಹದವಾಗಿಯೇ ಇತ್ತು. ಆದರೆ ಜಲ್ಲಿಗೆ ತಾಗಿಕೊಂಡಿದ್ದ ನಾಲ್ಕು ಬೆರಳಗಲದ ಮಣ್ಣು ಮಾತ್ರ ಕಪ್ಪಗೆ, ಲೋಳೆಯಂತಾಗಿ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಅಲ್ಲಿಗೆ ಇಳಿದಿದ್ದ ಬೇರುಗಳನ್ನು ಎಳೆದರೆ ಮೇಲಿನ ಸಿಪ್ಪೆ ಕೈಗೆ ಬಂದು, ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತಿತ್ತು. ನೀರು ಬಸಿದು ಹೋಗಲೆಂದು ಹಾಕಿದ ಜಲ್ಲಿಯೇ ನೀರನ್ನು ತನ್ನ ಮೇಲೆ ತಡೆದು ನಿಲ್ಲಿಸಿತ್ತು.

ಬೇರೆ ಬೇರೆ ಬಗೆಯ ಮಣ್ಣನ್ನು ಒಂದರ ಮೇಲೊಂದು ಹಾಕುವಾಗ ನಾವು ಯೋಚಿಸುವುದು ಪದರಗಳ ಬಗ್ಗೆ. ಯೋಚಿಸಬೇಕಾದದ್ದು ಎರಡು ಪದರಗಳು ಕೂಡುವ ಗೆರೆಯ ಬಗ್ಗೆ. ಆ ಗೆರೆ ಎಲ್ಲಿ ಬೀಳುತ್ತದೆ, ಎಷ್ಟು ಚೂಪಾಗಿದೆ, ಬೇರು ಅದರ ಯಾವ ಕಡೆ ಇದೆ ಎಂಬುದರ ಮೇಲೆ ಗಿಡದ ಅಳಿವು ಉಳಿವು ನಿಂತಿರುತ್ತದೆ. ಈ ಲೇಖನದಲ್ಲಿ ಬರುವ ಹೆಜ್ಜೆಗಳೆಲ್ಲ ಆ ಗೆರೆಯನ್ನು ಅಳಿಸುವ, ಮಸುಕಾಗಿಸುವ ಅಥವಾ ತಿಳಿದೇ ಬಳಸಿಕೊಳ್ಳುವ ದಾರಿಗಳು.

ಗೆರೆಯ ಬಳಿ ನೀರು ಏಕೆ ನಿಲ್ಲುತ್ತದೆ

ಮಣ್ಣಿನೊಳಗೆ ನೀರು ಕೇವಲ ತನ್ನ ಭಾರದಿಂದ ಕೆಳಗಿಳಿಯುವುದಿಲ್ಲ. ಕಣಗಳ ನಡುವಿನ ಸಣ್ಣ ಸಂದುಗಳು ನೀರನ್ನು ತಮ್ಮತ್ತ ಎಳೆದು ಹಿಡಿದುಕೊಳ್ಳುತ್ತವೆ. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವುದೂ ಇದೇ ಬಲದಿಂದ. ಸಂದು ಕಿರಿದಾದಷ್ಟೂ ಹಿಡಿತ ಬಲವಾಗಿರುತ್ತದೆ. ನಯವಾದ ಮಣ್ಣಿನ ಕೆಳಗೆ ದಪ್ಪ ಜಲ್ಲಿ ಇದ್ದರೆ, ಜಲ್ಲಿಯ ದೊಡ್ಡ ಸಂದುಗಳಿಗೆ ನೀರನ್ನು ಎಳೆದುಕೊಳ್ಳುವ ಶಕ್ತಿ ಇಲ್ಲವೆಂದೇ ಹೇಳಬೇಕು, ಮೇಲಿನ ಮಣ್ಣಿನ ಕಿರಿದಾದ ಸಂದುಗಳಿಗೋ ನೀರನ್ನು ಬಿಟ್ಟುಕೊಡುವ ಮನಸ್ಸಿಲ್ಲ. ಹೀಗಾಗಿ ಗೆರೆಯ ಮೇಲಿನ ಮಣ್ಣು ಹೆಚ್ಚುಕಡಿಮೆ ಪೂರ್ತಿ ನೆನೆದು, ಇನ್ನು ಹಿಡಿದಿಡಲಾರೆನೆಂಬ ಸ್ಥಿತಿಗೆ ಬಂದ ಮೇಲಷ್ಟೇ ನೀರು ಜಲ್ಲಿಗೆ ಇಳಿಯುತ್ತದೆ. ಹೆಚ್ಚಾದದ್ದು ಇಳಿದ ಬಳಿಕವೂ ತಳದಲ್ಲಿ ಒಂದು ಪಟ್ಟಿಯಷ್ಟು ಮಣ್ಣು ನೀರು ತುಂಬಿಕೊಂಡೇ ಉಳಿಯುತ್ತದೆ. ಅಲ್ಲಿ ಗಾಳಿಗೆ ಜಾಗವಿಲ್ಲ. ಗಾಳಿ ಇಲ್ಲದ ಕಡೆ ಬೇರು ಕೊಳೆಯುತ್ತದೆ.

ಜಲ್ಲಿ ಇಲ್ಲದ ಕುಂಡದಲ್ಲೂ ಈ ಪಟ್ಟಿ ಇರುತ್ತದೆ ಎಂಬುದನ್ನು ಮರೆಯಬಾರದು. ತಳದ ರಂಧ್ರದ ಆಚೆಗಿನ ಬಯಲೂ ಒಂದು ದೊಡ್ಡ ಸಂದೇ. ಆದರೆ ಆಗ ಪಟ್ಟಿ ಕುಂಡದ ಕಟ್ಟಕಡೆಯಲ್ಲಿ ಇರುತ್ತದೆ. ಜಲ್ಲಿ ಹಾಕಿದರೆ ಅದನ್ನು ಅಷ್ಟೂ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಎತ್ತಿಟ್ಟಂತಾಗುತ್ತದೆ. ಲೆಕ್ಕ ಹಾಕಿ ನೋಡೋಣ. ನಿಮ್ಮ ಮಣ್ಣಿನ ಮಿಶ್ರಣ 5 ಸೆಂ.ಮೀ. ಎತ್ತರದ ನೀರಿನ ಪಟ್ಟಿಯನ್ನು ಹಿಡಿಯುತ್ತದೆ ಎಂದುಕೊಳ್ಳಿ. 30 ಸೆಂ.ಮೀ. ಮಣ್ಣಿರುವ ಕುಂಡದಲ್ಲಿ ಬೇರಿಗೆ 25 ಸೆಂ.ಮೀ. ಗಾಳಿಯಾಡುವ ಮಣ್ಣು ಸಿಗುತ್ತದೆ. ಅದೇ ಕುಂಡದ ತಳಕ್ಕೆ 8 ಸೆಂ.ಮೀ. ಜಲ್ಲಿ ಹಾಕಿದರೆ ಪಟ್ಟಿಯ ಎತ್ತರ ಕಡಿಮೆಯಾಗುವುದಿಲ್ಲ, ಗಾಳಿಯಾಡುವ ಮಣ್ಣು ಮಾತ್ರ 17 ಸೆಂ.ಮೀ.ಗೆ ಇಳಿಯುತ್ತದೆ. ಪಟ್ಟಿಯ ಎತ್ತರವನ್ನು ಮುಖ್ಯವಾಗಿ ನಿರ್ಧರಿಸುವುದು ಮಣ್ಣಿನ ಕಣಗಳ ಗಾತ್ರವೇ ಹೊರತು ಕುಂಡದ ಆಕಾರವಲ್ಲವಾದ್ದರಿಂದ, ಆಳವಿಲ್ಲದ ತಟ್ಟೆಯಂಥ ಕುಂಡದಲ್ಲಿ ನೆಟ್ಟ ಗಿಡ ಬೇಗ ಕೊಳೆಯುವುದಕ್ಕೂ ಕಾರಣ ಇದೇ.

ನಂಬಿಕೆ ಬಾರದವರು ಪಾತ್ರೆ ತೊಳೆಯುವ ಸ್ಪಾಂಜನ್ನು ನೀರಿನಲ್ಲಿ ಪೂರ್ತಿ ಅದ್ದಿ, ಅಡ್ಡಲಾಗಿ ಅಂಗೈ ಮೇಲೆ ಹಿಡಿದು ನೋಡಬೇಕು. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನೀರು ನಿಲ್ಲುತ್ತದೆ. ನಿಂತ ಮೇಲೆ ಅದನ್ನು ಹಿಂಡದೆ, ಉದ್ದುದ್ದಕ್ಕೆ ನೆಟ್ಟಗೆ ಎತ್ತಿ ಹಿಡಿದರೆ ಮತ್ತೆ ನೀರು ಸುರಿಯುತ್ತದೆ. ಸ್ಪಾಂಜು ಅದೇ, ನೀರು ಅದೇ. ಎತ್ತರ ಹೆಚ್ಚಾಯಿತು, ಅಷ್ಟೇ. ಕುಂಡದಲ್ಲಿ ಜಲ್ಲಿ ಹಾಕಿ ಮಣ್ಣಿನ ಎತ್ತರವನ್ನು ತಗ್ಗಿಸುವುದೆಂದರೆ ನಿಲ್ಲಿಸಿದ ಸ್ಪಾಂಜನ್ನು ಮತ್ತೆ ಮಲಗಿಸಿದಂತೆ.

ಇದಕ್ಕೆ ತಿರುಗುಮುರುಗಾದ ಕ್ರಮದಲ್ಲೂ, ಅಂದರೆ ಮೇಲೆ ಸಡಿಲ ಮಣ್ಣು, ಕೆಳಗೆ ಜೇಡಿ ಇದ್ದಾಗಲೂ ನೀರು ನಿಲ್ಲುತ್ತದೆ, ಆದರೆ ಬೇರೆ ಕಾರಣಕ್ಕೆ. ಜೇಡಿಯ ಸಂದುಗಳು ನೀರನ್ನು ತಾಗಿದ ತಕ್ಷಣ ಹೀರತೊಡಗುತ್ತವೆ, ಆದರೆ ಮುಂದಕ್ಕೆ ಸಾಗಿಸುವುದು ಬಹಳ ನಿಧಾನ. ಮೇಲಿನಿಂದ ಬೇಗ ಬಂದ ನೀರು ಗೆರೆಯ ಮೇಲೆ ಕೆರೆಯಂತೆ ನಿಲ್ಲುತ್ತದೆ.

ಪ್ರಕೃತಿಯಲ್ಲೇ ಪದರಗಳಿವೆಯಲ್ಲ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ರಷ್ಯಾದ ವಾಸಿಲಿ ದೊಕುಚಾಯೆವ್ ತಮ್ಮ ನಾಡಿನ ಕಪ್ಪುಮಣ್ಣಿನ ಅಧ್ಯಯನವನ್ನು 1883ರಲ್ಲಿ ಪ್ರಕಟಿಸಿದ ಮೇಲೆ, ಮಣ್ಣನ್ನು ಮೇಲಿನಿಂದ ಕೆಳಕ್ಕೆ ಪದರ ಪದರವಾಗಿ ಓದುವ ಪದ್ಧತಿಯೇ ಬೆಳೆಯಿತು. ಆದರೆ ನೆಲದಲ್ಲಿ ತಾನಾಗಿ ಮೂಡಿದ ಪದರಗಳ ನಡುವೆ ಸಾಮಾನ್ಯವಾಗಿ ಗೆರೆ ಎಳೆದಂತಿರುವುದಿಲ್ಲ. ಶತಮಾನಗಳ ಕಾಲ ಎರೆಹುಳು, ಗೆದ್ದಲು, ಬೇರು ಮತ್ತು ಮಳೆ ಸೇರಿ ಒಂದನ್ನು ಇನ್ನೊಂದರೊಳಗೆ ನೇಯ್ದಿರುತ್ತವೆ. ಎಲ್ಲಿ ಹಾಗಾಗಿಲ್ಲವೋ, ಉದಾಹರಣೆಗೆ ಗಟ್ಟಿಯಾದ ಅಡಿಪದರವೊಂದು ಥಟ್ಟನೆ ಎದುರಾಗುವ ನೆಲದಲ್ಲಿ, ಅಲ್ಲಿಯೂ ನೀರು ನಿಂತು ಜೌಗಾಗುತ್ತದೆ.

ಮೊದಲ ಹೆಜ್ಜೆ: ಕೈಯಲ್ಲಿರುವ ಮಣ್ಣು ಯಾವುದೆಂದು ತಿಳಿಯುವುದು

ಮರಳು, ರೇವೆ, ಜೇಡಿ ಎಂಬ ಮೂರು ಹೆಸರುಗಳು ಕಣದ ಗಾತ್ರವನ್ನು ಹೇಳುತ್ತವೆ. 2 ಮಿ.ಮೀ.ನಿಂದ 0.05 ಮಿ.ಮೀ. ವರೆಗಿನದು ಮರಳು, ಅಲ್ಲಿಂದ 0.002 ಮಿ.ಮೀ. ವರೆಗೆ ರೇವೆ, ಅಂದರೆ ಹೊಳೆಯ ಹೂಳಿನಲ್ಲಿ ಸಿಗುವ ಹಿಟ್ಟಿನಂಥ ನಯವಾದ ಪುಡಿ. ಅದಕ್ಕಿಂತಲೂ ಸಣ್ಣದು ಜೇಡಿ. ಬಣ್ಣ ನೋಡಿ ಮಣ್ಣಿನ ಬಗೆಯನ್ನು ನಿರ್ಧರಿಸುವ ಅಭ್ಯಾಸ ಬಹಳ ಕಡೆ ಇದೆ, ಆದರೆ ಪದರದ ವಿಷಯದಲ್ಲಿ ಬಣ್ಣದಿಂದ ಹೆಚ್ಚೇನೂ ತಿಳಿಯುವುದಿಲ್ಲ. ನೀರಿಗೆ ಲೆಕ್ಕಕ್ಕೆ ಬರುವುದು ಕಣದ ಗಾತ್ರ.

ಇದನ್ನು ಅಳೆಯಲು ನೇರ ಗೋಡೆಯ ಗಾಜಿನ ಬಾಟಲಿ ಸಾಕು. ಕಲ್ಲು, ಬೇರು, ಕಸ ತೆಗೆದು ಜರಡಿ ಹಿಡಿದ ಮಣ್ಣನ್ನು ಬಾಟಲಿಯ ಮೂರನೆಯ ಒಂದು ಭಾಗದಷ್ಟು ತುಂಬಿ, ಕತ್ತಿನವರೆಗೆ ನೀರು ಹಾಕಿ, ಒಂದು ಚಮಚ ಬಟ್ಟೆ ಒಗೆಯುವ ಪುಡಿಯನ್ನು ಸೇರಿಸಿ, ಹೆಂಟೆಗಳೆಲ್ಲ ಒಡೆಯುವವರೆಗೆ ಐದು ನಿಮಿಷ ಚೆನ್ನಾಗಿ ಕುಲುಕಿ ಅಲುಗಾಡದ ಕಡೆ ಇಡಬೇಕು. ಒಂದು ನಿಮಿಷದಲ್ಲಿ ತಳ ಸೇರಿದ್ದು ಮರಳು. ಅಲ್ಲಿಗೆ ಒಂದು ಗುರುತು ಹಾಕಿರಿ. ಎರಡು ಗಂಟೆಯ ಹೊತ್ತಿಗೆ ಅದರ ಮೇಲೆ ಕೂತಿರುವುದು ರೇವೆ. ಜೇಡಿ ಕೂರಲು ಒಂದೆರಡು ದಿನ ಬೇಕು. ನೀರು ಅದಕ್ಕಿಂತಲೂ ಹೆಚ್ಚು ದಿನ ಬಗ್ಗಡವಾಗಿಯೇ ಇದ್ದರೆ ಜೇಡಿ ಬಹಳ ನಯವಾಗಿದೆ ಎಂದರ್ಥ. ಒಟ್ಟು 10 ಸೆಂ.ಮೀ.ನಲ್ಲಿ ಮರಳು 4, ರೇವೆ 4, ಜೇಡಿ 2 ಸೆಂ.ಮೀ. ಇದ್ದರೆ ಅದು ಒಳ್ಳೆಯ ಗೋಡು ಮಣ್ಣು. ಅಂಥ ಮಣ್ಣಿಗೆ ಯಾವ ಪದರವನ್ನೂ ಸೇರಿಸುವ ಅಗತ್ಯವಿಲ್ಲ.

ಬಾಟಲಿಗೆ ಪುರುಸೊತ್ತಿಲ್ಲದವರು ಒಂದು ಹಿಡಿ ಮಣ್ಣನ್ನು ಒದ್ದೆ ಮಾಡಿ ಕಣಕದಂತೆ ನಾದಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಪಟ್ಟಿಯಂತೆ ಒತ್ತುತ್ತ ಹೊರಡಿಸಬಹುದು. ಉಂಡೆಯೇ ಕಟ್ಟದಿದ್ದರೆ ಮರಳು ಹೆಚ್ಚು. ಪಟ್ಟಿ 2.5 ಸೆಂ.ಮೀ. ಆಗುವ ಮೊದಲೇ ಮುರಿದರೆ ಗೋಡು, 5 ಸೆಂ.ಮೀ. ದಾಟಿಯೂ ನಿಂತರೆ ಜೇಡಿಮಣ್ಣು. ಎರಡು ಬಗೆಯ ಮಣ್ಣನ್ನು ಕೂಡಿಸಲು ಹೊರಟವರು ಎರಡನ್ನೂ ಹೀಗೆ ಪರೀಕ್ಷಿಸಬೇಕು, ಏಕೆಂದರೆ ತೊಂದರೆ ಬರುವುದು ಒಂದೊಂದರ ಗುಣದಿಂದಲ್ಲ, ಎರಡರ ನಡುವಿನ ಅಂತರದಿಂದ.

ಎರಡನೆಯ ಹೆಜ್ಜೆ: ನೆಲ ನೀರನ್ನು ಎಷ್ಟು ಬೇಗ ಕುಡಿಯುತ್ತದೆ

ಇದು ನೆಲದಲ್ಲಿ ನೆಡುವವರಿಗೆ ಮಾತ್ರ. ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೋಡಿ ನೀರು ತುಂಬಿ ಪೂರ್ತಿ ಇಂಗಲು ಬಿಡಬೇಕು. ಮತ್ತೆ ತುಂಬಿ, ಅಡ್ಡಲಾಗಿ ಕೋಲಿಟ್ಟು, ಗಂಟೆಗೊಮ್ಮೆ ನೀರು ಎಷ್ಟು ಇಳಿಯಿತೆಂದು ಅಳೆಯಬೇಕು. ಗಂಟೆಗೆ 2.5ರಿಂದ 7.5 ಸೆಂ.ಮೀ. ಇಳಿದರೆ ಹೆಚ್ಚಿನ ಗಿಡಗಳಿಗೆ ಒಳ್ಳೆಯದು. ಅದಕ್ಕಿಂತ ಕಡಿಮೆಯಾದರೆ ಆ ಜಾಗದಲ್ಲಿ ಗುಂಡಿ ತೋಡಿ ಒಳ್ಳೆಯ ಮಣ್ಣು ತುಂಬುವ ಯೋಚನೆಯನ್ನು ಬಿಟ್ಟು, ನೆಲದ ಮೇಲೆ ಏರುಮಡಿ ಕಟ್ಟುವುದು ಸರಿ. ಮೊದಲ ಸಲದ ಅಳತೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಒಣಗಿದ ಮಣ್ಣು ಆರಂಭದಲ್ಲಿ ಆಸೆಬುರುಕನಂತೆ ಕುಡಿದು ಮೋಸ ಮಾಡುತ್ತದೆ.

ಮೂರನೆಯ ಹೆಜ್ಜೆ: ಕುಂಡಕ್ಕೆ ಒಂದೇ ಮಿಶ್ರಣ, ಅಡಿಯಿಂದ ಮುಡಿಯವರೆಗೆ

ಕುಂಡದಲ್ಲಿ ಪದರ ಬೇಡ. ಜಲ್ಲಿ, ಮರಳು, ಇದ್ದಿಲು ಇವುಗಳಿಂದ ಏನನ್ನು ಬಯಸುತ್ತೀರೋ ಅದನ್ನು ಬೆರಕೆಯಿಂದ ಪಡೆಯಬಹುದು. ಅಂದರೆ ದಪ್ಪ ಕಣಗಳನ್ನು ತಳದಲ್ಲಿ ಪೇರಿಸದೆ ಇಡೀ ಮಣ್ಣಿನೊಳಗೆ ಹರಡಿದರೆ ಮಣ್ಣಿನ ಸಂದುಗಳೇ ಹಿಗ್ಗಿ, ತಳದ ನೀರಿನ ಪಟ್ಟಿ ತಾನಾಗಿ ಕಿರಿದಾಗುತ್ತದೆ. ಸಾಧಾರಣ ಗಿಡಗಳಿಗೆ ತೋಟದ ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎಲೆಗೊಬ್ಬರ ಒಂದು ಪಾಲು, ದಪ್ಪ ಮರಳು ಇಲ್ಲವೇ ಪರ್ಲೈಟ್ ಒಂದು ಪಾಲು ಎಂಬುದು ಕೈಗೆಟಕುವ ಅಳತೆ. ಕಳ್ಳಿಯಂಥ, ಒಣಗಲು ಬಯಸುವ ಗಿಡಗಳಿಗೆ ದಪ್ಪ ಕಣಗಳ ಪಾಲು ಅರ್ಧದಷ್ಟಾದರೂ ಇರಲಿ. ಇಲ್ಲಿ ದಪ್ಪ ಎಂದರೆ 2ರಿಂದ 5 ಮಿ.ಮೀ. ಗಾತ್ರದ್ದು. ಗಾರೆ ಕೆಲಸದ ನುಣುಪು ಮರಳನ್ನು ಹಾಕಿದರೆ ಅದು ಇರುವ ಸಂದುಗಳನ್ನೂ ತುಂಬಿಕೊಂಡು ಕೆಡಿಸುತ್ತದೆ. ಜೇಡಿಮಣ್ಣಿಗೆ ಒಂದಿಷ್ಟು ಮರಳು ಬೆರೆಸಿದರೆ ಸಡಿಲವಾಗುತ್ತದೆ ಎಂಬ ನಂಬಿಕೆಯೂ ಹಾಗೆಯೇ. ಮರಳು ಅರ್ಧಕ್ಕಿಂತಲೂ ಹೆಚ್ಚು ಇರದಿದ್ದರೆ ಒಣಗಿದ ಮೇಲೆ ಸಿಗುವುದು ಇಟ್ಟಿಗೆ. ಜೇಡಿಯನ್ನು ಸಡಿಲಗೊಳಿಸುವ ಕೆಲಸವನ್ನು ಗೊಬ್ಬರಕ್ಕೆ ಬಿಡುವುದೇ ಲೇಸು.

ತುಂಬುವ ಕ್ರಮ ಹೀಗಿರಲಿ. ಕುಂಡದ ರಂಧ್ರಗಳು ತೆರೆದಿವೆಯೇ ಎಂದು ಮೊದಲು ನೋಡಿ, ಮಣ್ಣು ಜಾರದಂತೆ ಅವುಗಳ ಮೇಲೆ ಸೊಳ್ಳೆಪರದೆಯ ಬಲೆಯ ತುಂಡೊಂದನ್ನು ಹಾಸಬೇಕು. ಮಡಕೆ ಚೂರಿನ ಕೆಲಸವನ್ನು ಇದು ಜಾಗ ತಿನ್ನದೆ ಮಾಡುತ್ತದೆ. ಮಿಶ್ರಣವನ್ನು ಕುಂಡದ ಹೊರಗೇ ಹರಡಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಬೆರಳಲ್ಲಿ ತಟ್ಟಿದರೆ ಉದುರುವಷ್ಟು ತೇವ ಮಾಡಿಕೊಳ್ಳಬೇಕು. ತೆಂಗಿನ ನಾರಿನ ಪುಡಿ ಇದ್ದರೆ ಅದನ್ನು ಮೊದಲೇ ನೆನೆಸಿ ಉಬ್ಬಿಸಿಕೊಳ್ಳಬೇಕು. ಎಲ್ಲವನ್ನೂ ಕಲಸಿದ ಮೇಲೆ ಒಂದೇ ಸಲಕ್ಕೆ ತುಂಬಿ, ಕುಂಡವನ್ನು ನೆಲಕ್ಕೆ ಎರಡು ಸಲ ಮೆಲ್ಲಗೆ ಕುಟ್ಟಿ ಕೂರಿಸಬೇಕೇ ಹೊರತು ಅಂಗೈಯಿಂದ ಅದುಮಬಾರದು. ಸ್ವಲ್ಪ ತುಂಬಿ, ಅದುಮಿ, ಮತ್ತೆ ತುಂಬಿ, ಅದುಮುತ್ತ ಹೋದರೆ ಒಂದೇ ಮಣ್ಣಿನಲ್ಲೂ ನಾಲ್ಕು ಪದರಗಳಾಗುತ್ತವೆ. ಅಂಚಿನಿಂದ 2–3 ಸೆಂ.ಮೀ. ಖಾಲಿ ಬಿಟ್ಟು, ತಳದಿಂದ ನೀರು ಹರಿಯುವವರೆಗೆ ನೀರುಣಿಸಿ, ಕುಸಿದ ಕಡೆ ಅದೇ ಮಿಶ್ರಣವನ್ನು ಸೇರಿಸಬೇಕು. ತಟ್ಟೆಯಲ್ಲಿ ಸೇರಿದ ನೀರನ್ನು ಅರ್ಧ ಗಂಟೆಯೊಳಗೆ ಚೆಲ್ಲಿಬಿಡಿ.

ಇಷ್ಟಾದರೂ ತಳ ಜೌಗಾಗುವ ಆಳವಿಲ್ಲದ ಕುಂಡಕ್ಕೆ ಒಂದು ಉಪಾಯವಿದೆ. ಹತ್ತಿಯ ಅಥವಾ ನೈಲಾನಿನ ದಪ್ಪ ಹಗ್ಗದ ತುಂಡನ್ನು ನೆನೆಸಿ, ಒಂದು ತುದಿ ತಳದ ಮಣ್ಣಿನಲ್ಲಿ, ಇನ್ನೊಂದು ತುದಿ ರಂಧ್ರದಿಂದ ಹತ್ತು ಸೆಂಟಿಮೀಟರಿನಷ್ಟು ಕೆಳಗೆ ಜೋತಾಡುವಂತೆ ತೂರಿಸಿ, ಕುಂಡವನ್ನು ಎತ್ತರದಲ್ಲಿಡಬೇಕು. ನೀರಿಗೆ ಕುಂಡ ಅಷ್ಟು ಉದ್ದವಾದಂತೆ ಕಾಣುತ್ತದೆ, ಪಟ್ಟಿ ಹಗ್ಗದ ದಾರಿ ಹಿಡಿದು ಇಳಿಯುತ್ತದೆ. ಮಲಗಿದ ಸ್ಪಾಂಜನ್ನು ಎತ್ತಿ ನಿಲ್ಲಿಸಿದ್ದೂ ಇದೇ.

ತೀರ ದೊಡ್ಡ ತೊಟ್ಟಿಯನ್ನು ಪೂರ್ತಿ ಮಣ್ಣಿನಿಂದ ತುಂಬುವುದು ದುಬಾರಿ ಮತ್ತು ಭಾರ ಎಂದು ತಳದಲ್ಲಿ ಖಾಲಿ ಡಬ್ಬಿ, ಬೋರಲು ಹಾಕಿದ ಹಳೆಯ ಕುಂಡ ಇಡುವವರಿದ್ದಾರೆ. ಮಾಡಬಾರದೆಂದಿಲ್ಲ. ಆದರೆ ಆಗ ನಿಮ್ಮ ಕುಂಡದ ಆಳ ಆ ಡಬ್ಬಿಗಳ ಮೇಲಿನಿಂದ ಶುರುವಾಗುತ್ತದೆ ಎಂದು ತಿಳಿದು, ಸೊಪ್ಪಿಗಾದರೆ 15–20 ಸೆಂ.ಮೀ., ಟೊಮೆಟೊದಂಥ ಗಿಡಕ್ಕಾದರೆ 30 ಸೆಂ.ಮೀ.ಗಿಂತ ಕಡಿಮೆಯಾಗದಂತೆ ಮಣ್ಣು ಬಿಟ್ಟುಕೊಳ್ಳಬೇಕು.

ನಾಲ್ಕನೆಯ ಹೆಜ್ಜೆ: ಏರುಮಡಿಯ ಅಡಿಯಲ್ಲಿ ಹೊಲಿಗೆ

ಇರುವ ನೆಲದ ಮೇಲೆ ಚೌಕಟ್ಟು ಇಟ್ಟು, ಹೊರಗಿನಿಂದ ತಂದ ಸಡಿಲ ಮಣ್ಣನ್ನು ಸುರಿದುಬಿಟ್ಟರೆ ಸಿಗುವುದು ಜೇಡಿಯ ಮೇಲೆ ಕೂತ ತಳವಿಲ್ಲದ ಡಬ್ಬಿ. ಮೊದಲ ವರ್ಷ ಬೆಳೆ ಚೆನ್ನಾಗಿ ಕಾಣುತ್ತದೆ. ಬೇರು ಕೆಳಗಿಳಿದು ಗೆರೆಯನ್ನು ಮುಟ್ಟಿದಾಗ ಕಷ್ಟ ಶುರು: ಅಲ್ಲಿ ಮಳೆಗಾಲದಲ್ಲಿ ಕೆರೆ, ಬೇಸಿಗೆಯಲ್ಲಿ ಕಲ್ಲು.

ಆದ್ದರಿಂದ ಹೊಸ ಮಣ್ಣು ಬರುವ ಮೊದಲು ಕೆಳಗಿನ ನೆಲವನ್ನು 15–20 ಸೆಂ.ಮೀ. ಆಳಕ್ಕೆ ಅಗೆದು ಸಡಿಲಗೊಳಿಸಬೇಕು. ನೆಲ ಒದ್ದೆಯಾಗಿದ್ದಾಗ ಈ ಕೆಲಸಕ್ಕೆ ಕೈಹಾಕಬಾರದು. ಒದ್ದೆ ಜೇಡಿಯನ್ನು ಗುದ್ದಲಿಯಿಂದ ಕಡಿದರೆ ಕತ್ತರಿಸಿದ ಮುಖಗಳು ಗಾಜಿನಂತೆ ಮೆತ್ತಿಕೊಂಡು ಹೊಸ ಗೋಡೆಗಳಾಗುತ್ತವೆ. ಹೆಂಟೆ ಒಡೆದ ನೆಲದ ಮೇಲೆ ತಂದ ಮಣ್ಣಿನ ಮೂರನೆಯ ಒಂದು ಪಾಲನ್ನು ಮಾತ್ರ ಹರಡಿ, ಕೆಳಗಿನ ಮಣ್ಣಿನೊಂದಿಗೆ ಐದರಿಂದ ಹತ್ತು ಸೆಂಟಿಮೀಟರಿನಷ್ಟು ಮಗುಚಿ ಬೆರೆಸಬೇಕು. ಹದವಾಗಿ ಕಲಸುವ ಅಗತ್ಯವಿಲ್ಲ. ಒಂದರ ನಾಲಿಗೆ ಇನ್ನೊಂದರೊಳಗೆ ಚಾಚಿದಂತೆ ಅಂಕುಡೊಂಕಾಗಿದ್ದರೇ ಒಳ್ಳೆಯದು. ಉಳಿದ ಎರಡು ಪಾಲನ್ನು ಇದರ ಮೇಲೆ ಹಾಕಿದರೆ ಗೆರೆ ಇರುವುದಿಲ್ಲ, ಹೊಲಿಗೆ ಇರುತ್ತದೆ. ನೀರೂ ಎರೆಹುಳುವೂ ಬೇರೂ ಅದರ ಮೂಲಕ ಓಡಾಡುತ್ತವೆ. ಕಾಂಕ್ರೀಟಿನ ಮೇಲೆ ಕಟ್ಟಿದ ಮಡಿಗೆ ಈ ಮಾತು ಅನ್ವಯಿಸುವುದಿಲ್ಲ. ಅದು ದೊಡ್ಡ ಕುಂಡವೇ, ಹಿಂದಿನ ಹೆಜ್ಜೆಯ ನಿಯಮಗಳೇ ಅದಕ್ಕೂ.

ಒಣ ಎಲೆ, ಹಸಿ ಸೊಪ್ಪು, ಹುಲ್ಲು, ಗೊಬ್ಬರಗಳನ್ನು ಪದರ ಪದರವಾಗಿ ಪೇರಿಸಿ ಮಡಿ ಮಾಡುವ ಪದ್ಧತಿಯನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಅಲ್ಲಿನ ಪದರಗಳು ಮಣ್ಣಲ್ಲ. ಕೊಳೆತು ಒಂದಾಗಲೆಂದೇ ಹಾಕಿದವು. ಒಣಗಿದ್ದು ಹೆಚ್ಚು, ಹಸಿಯದು ಕಡಿಮೆ ಎಂಬ ಅಂದಾಜಿನಲ್ಲಿ, ಇಂಗಾಲ ಮತ್ತು ಸಾರಜನಕದ ಪ್ರಮಾಣ 25–30ಕ್ಕೆ 1ರ ಆಸುಪಾಸಿನಲ್ಲಿರುವಂತೆ ನೋಡಿಕೊಂಡರೆ ರಾಶಿ ಬೇಗ ಕಳಿಯುತ್ತದೆ. ಅಡಿಗೆ ರಟ್ಟು ಹಾಸುವುದಾದರೆ ಅಂಟುಪಟ್ಟಿಗಳನ್ನು ಕಿತ್ತು, ಒಂದೇ ಮಡಿಕೆಯಲ್ಲಿ, ತೊಯ್ಯುವಷ್ಟು ನೀರು ಹಾಕಿ ಹಾಸಬೇಕು. ಒಣಗಿದ ದಪ್ಪ ರಟ್ಟು ನೀರನ್ನೂ ಗಾಳಿಯನ್ನೂ ತಡೆಯುತ್ತದೆ. ಮೊಣಕಾಲೆತ್ತರದ ರಾಶಿ ಕಳಿತ ಮೇಲೆ ಅರ್ಧಕ್ಕೆ ಇಳಿದರೆ ಗಾಬರಿಪಡಬೇಕಿಲ್ಲ. ತುಸು ಕಾದು ನೆಡುವ ತಾಳ್ಮೆ ಇಲ್ಲದವರು ಅಲ್ಲಲ್ಲಿ ಗುಳಿ ಮಾಡಿ, ಮಾಗಿದ ಕಾಂಪೋಸ್ಟ್ ತುಂಬಿ ಅದರಲ್ಲಿ ಸಸಿ ಇಡಬಹುದು. ಹಸಿ ಮರದ ಹೊಟ್ಟನ್ನು ಮಾತ್ರ ಮಣ್ಣಿನೊಳಗೆ ಬೆರೆಸಬೇಡಿ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಸುತ್ತಲಿನ ಸಾರಜನಕವನ್ನು ಕಸಿದುಕೊಂಡು ಸಸಿಯನ್ನು ಹಳದಿ ಮಾಡುತ್ತವೆ.

ಐದನೆಯ ಹೆಜ್ಜೆ: ಮರ ನೆಡುವ ಗುಂಡಿ

ಹೆಚ್ಚಿನ ತಪ್ಪುಗಳು ಪ್ರೀತಿಯಿಂದ ಆಗುವುದು ಇಲ್ಲಿ. ಗಟ್ಟಿ ನೆಲದಲ್ಲಿ ಆಳವಾದ ಗುಂಡಿ ತೋಡಿ, ತಳಕ್ಕೆ ಗೊಬ್ಬರ, ಅದರ ಮೇಲೆ ಮರಳು, ಸುತ್ತ ಫಲವತ್ತಾದ ಮಣ್ಣು ತುಂಬಿ ಸಸಿಯನ್ನು ಇಟ್ಟವರು ತಿಳಿಯದೆಯೇ ನೀರಿನ ತೊಟ್ಟಿಯೊಂದನ್ನು ಕಟ್ಟಿರುತ್ತಾರೆ. ಸುತ್ತಲಿನ ನೀರು ಸಡಿಲ ಗುಂಡಿಗೆ ನುಗ್ಗುತ್ತದೆ, ಗಟ್ಟಿ ಗೋಡೆಯಿಂದ ಹೊರಹೋಗಲಾರದೆ ನಿಲ್ಲುತ್ತದೆ. ಬೇರು ಮೆತ್ತಗಿನ ಮಣ್ಣನ್ನು ಬಿಟ್ಟು ಹೊರಗಿನ ಗಟ್ಟಿ ನೆಲಕ್ಕೆ ಹೋಗಲೊಲ್ಲದೆ ಕುಂಡದಲ್ಲಿದ್ದಂತೆಯೇ ಸುತ್ತುತ್ತದೆ. ಜೊತೆಗೆ ತಳದ ಗೊಬ್ಬರ ಕೊಳೆತು ಕುಸಿದಂತೆ ಸಸಿಯೂ ಕುಸಿದು, ಬುಡ ಮಣ್ಣಿನಲ್ಲಿ ಹೂತುಹೋಗುತ್ತದೆ.

ಗುಂಡಿ ಅಗಲವಾಗಿರಲಿ, ಆಳ ಬೇಡ. ಬೇರಿನ ಮುದ್ದೆಯ ಎರಡು ಮೂರು ಪಟ್ಟು ಅಗಲ, ಮುದ್ದೆಯಷ್ಟೇ ಆಳ. ಗುದ್ದಲಿ ತಾಗಿ ನುಣುಪಾದ ಗೋಡೆಗಳನ್ನು ಕೈಗುದ್ದಲಿಯ ಮೊನೆಯಿಂದ ಗೀರಿ ಒರಟು ಮಾಡಬೇಕು. ಚೀಲದಿಂದ ತೆಗೆದ ಮುದ್ದೆಯ ಹೊರಭಾಗದ ಎರಡು ಮೂರು ಸೆಂಟಿಮೀಟರಿನಷ್ಟು ಮಣ್ಣನ್ನು ಉದುರಿಸಿ, ಸುತ್ತಿಕೊಂಡ ಬೇರುಗಳನ್ನು ಬಿಡಿಸಿ ಹರಡಿ, ಅವುಗಳ ತುದಿಗಳು ಮೊದಲ ದಿನವೇ ಆ ಜಾಗದ ಮಣ್ಣನ್ನು ಮುಟ್ಟುವಂತೆ ಮಾಡಬೇಕು. ಕಾಂಡ ಬೇರಾಗಿ ಅಗಲವಾಗುವ ಭಾಗ ನೆಲಮಟ್ಟದಲ್ಲಿ ಕಾಣುತ್ತಿರಲಿ. ತುಂಬಲು ಬಳಸಬೇಕಾದದ್ದು ಗುಂಡಿಯಿಂದ ತೆಗೆದ ಮಣ್ಣನ್ನೇ, ಹೆಂಟೆ ಒಡೆದು. ಗೊಬ್ಬರವೆಲ್ಲ ಮೇಲೆ.

ನೆಟ್ಟ ಮೊದಲ ಕೆಲವು ವಾರ ಇನ್ನೊಂದು ಗೆರೆ ಉಳಿದೇ ಇರುತ್ತದೆ: ನರ್ಸರಿಯಿಂದ ಬಂದ ಸಡಿಲ ಮುದ್ದೆ ಮತ್ತು ಸುತ್ತಲಿನ ನಯವಾದ ಮಣ್ಣು ಸೇರುವ ಕಡೆ. ನಯವಾದ ಮಣ್ಣು ಮುದ್ದೆಯ ನೀರನ್ನು ತನ್ನತ್ತ ಎಳೆದುಕೊಳ್ಳುವುದರಿಂದ, ಸುತ್ತಲೂ ಕೆಸರಿದ್ದರೂ ಸಸಿಯ ಬುಡ ಒಣಗಿರಬಹುದು. ಪಾತಿಯಲ್ಲಿ ನೀರು ಕಂಡು ಸಮಾಧಾನಪಡದೆ ಮುದ್ದೆಯೊಳಗೆ ಬೆರಳು ಹಾಕಿ ನೋಡಿ, ನೀರನ್ನು ಕಾಂಡದ ಬುಡಕ್ಕೇ ಎರೆಯಬೇಕು.

ಬೆಳೆದ ಮರದ ಸುತ್ತ ಹೊಸ ಮಣ್ಣು ಹೇರಿ ನೆಲ ಏರಿಸುವವರಿಗೆ ಒಂದೇ ಮಾತು: ಬೇಡ. ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದಡಿಯೊಳಗೇ ಇರುತ್ತವೆ, ಅವಕ್ಕೆ ಉಸಿರು ಕಟ್ಟುತ್ತದೆ.

ಆರನೆಯ ಹೆಜ್ಜೆ: ತಳಕ್ಕೆಂದು ತಂದ ಜಲ್ಲಿ ಮೇಲಿರಲಿ

ಇಷ್ಟು ಹೊತ್ತು ಬೈಸಿಕೊಂಡ ದಪ್ಪ ಕಣಗಳಿಗೆ ತೋಟದಲ್ಲಿ ಸರಿಯಾದ ಜಾಗವೊಂದಿದೆ, ಅದು ಮೇಲ್ಭಾಗ. ದಪ್ಪದ್ದು ಮೇಲೆ, ನಯವಾದದ್ದು ಕೆಳಗೆ ಇದ್ದರೆ ಮೇಲಿನಿಂದ ಬಿದ್ದ ನೀರನ್ನು ಕೆಳಗಿನ ಮಣ್ಣು ಸೆಳೆದುಕೊಳ್ಳುತ್ತದೆ. ಬಿಸಿಲಿಗೆ ಆರಿಹೋಗಲೆಂದು ಮೇಲೇರುವ ನೀರಿಗೆ ಮಾತ್ರ ಆ ದೊಡ್ಡ ಸಂದುಗಳನ್ನು ಹತ್ತಲಾಗುವುದಿಲ್ಲ. ತಳದಲ್ಲಿ ಕೇಡು ಮಾಡಿದ ಗುಣವೇ ಇಲ್ಲಿ ಕಾವಲಾಗುತ್ತದೆ. ಕುಂಡಕ್ಕೆ ಒಂದೆರಡು ಸೆಂಟಿಮೀಟರ್ ಸಣ್ಣ ಕಲ್ಲು ಸಾಕು. ನೆಲದಲ್ಲಿ ಮರದ ಚಕ್ಕೆ, ಒಣ ಎಲೆಗಳನ್ನು 5ರಿಂದ 7.5 ಸೆಂ.ಮೀ. ದಪ್ಪಕ್ಕೆ, ಕಾಂಡದಿಂದ ಒಂದು ಗೇಣು ದೂರ ಬಿಟ್ಟು ಹರಡಬೇಕು. ಮಣ್ಣಿನೊಳಗೆ ಬೆರೆಸದೆ ಮೇಲಷ್ಟೇ ಹಾಸಿದ ಚಕ್ಕೆ ಬೇರಿನ ಸಾರಜನಕವನ್ನು ಕಸಿಯುವುದಿಲ್ಲ. ಆದರೆ ನುಣುಪಾದ ಗರಗಸದ ಪುಡಿಯನ್ನು ದಪ್ಪವಾಗಿ ಹಾಸಿದರೆ ಅದು ಹೆಪ್ಪುಗಟ್ಟಿ ನೀರನ್ನು ಹೊರಕ್ಕೆ ಜಾರಿಸುತ್ತದೆ. ಹುಲ್ಲುಹಾಸಿನ ಮೇಲೆ ಮಣ್ಣು ಎರಚುವುದಾದರೆ ಸಲಕ್ಕೆ ಒಂದು ಸೆಂಟಿಮೀಟರ್ ಮೀರದೆ, ಕೆಳಗಿರುವ ಬಗೆಯ ಮಣ್ಣನ್ನೇ ಎರಚಬೇಕು.

ಪದರವನ್ನು ತಿಳಿದೇ ಹಾಕುವ ಸಂದರ್ಭಗಳು

ಗೆರೆಯ ಮೇಲೆ ನೀರು ನಿಲ್ಲುವುದೇ ಬೇಕಾದ ಕಡೆ ಪದರ ಉಪಕಾರಿ. ಗಾಲ್ಫ್ ಮೈದಾನದಲ್ಲಿ ಚೆಂಡು ಉರುಳಿಸುವ ನುಣುಪು ಹುಲ್ಲಿನ ಅಂಕಣಕ್ಕೆ ಯುನೈಟೆಡ್ ಸ್ಟೇಟ್ಸ್ ಗಾಲ್ಫ್ ಅಸೋಸಿಯೇಷನ್ 1960ರಲ್ಲಿ ಪ್ರಕಟಿಸಿದ ನಿರ್ಮಾಣ ವಿಧಾನ ಇದಕ್ಕೆ ಒಳ್ಳೆಯ ನಿದರ್ಶನ. ಸುಮಾರು 30 ಸೆಂ.ಮೀ. ಮರಳುಪ್ರಧಾನ ಮಣ್ಣು, ಅದರ ಕೆಳಗೆ ಸುಮಾರು 10 ಸೆಂ.ಮೀ. ಜಲ್ಲಿ. ಮರಳು ತಾನಾಗಿ ನೀರು ಹಿಡಿಯುವುದು ಕಡಿಮೆ. ಕೆಳಗಿನ ಜಲ್ಲಿ ಅದನ್ನು ತಡೆದು ಹುಲ್ಲಿನ ಬೇರಿಗೆ ಒಂದಿಷ್ಟು ದಾಸ್ತಾನು ಇಡುತ್ತದೆ. ಜೋರು ಮಳೆ ಬಂದಾಗ ಹೆಚ್ಚಾದದ್ದು ಜಲ್ಲಿಗೆ ಇಳಿದು ಹರಿದುಹೋಗುತ್ತದೆ. ಕಣಗಳ ಗಾತ್ರವನ್ನು ಅಳೆದು ಹೊಂದಿಸಿದ್ದರಿಂದ ಅದು ಕೆಲಸ ಮಾಡುತ್ತದೆ, ಅಂದಾಜಿನ ಕೆಲಸ ಅಲ್ಲಿ ನಡೆಯದು.

ಮನೆಯ ಮಟ್ಟಿಗೆ ಇಂಥ ಸಂದರ್ಭಗಳು ಕಡಿಮೆ. ಸಣ್ಣ ಬೀಜ ಬಿತ್ತುವಾಗ ಒರಟು ಮಿಶ್ರಣದ ಮೇಲೆ ಜರಡಿ ಹಿಡಿದ ನಯವಾದ ಮಣ್ಣಿನ ತೆಳು ಹೊದಿಕೆ ಹಾಕುತ್ತೇವೆ. ಅದು ತೇವವನ್ನು ಬೀಜದ ಬಳಿ ಹಿಡಿದಿಡುತ್ತದೆ, ಒಂದು ಸೆಂಟಿಮೀಟರ್ ಒಳಗಿದ್ದರೆ ಮೊಳಕೆಗೆ ಅಡ್ಡಿಯಿಲ್ಲ. ತಳದಲ್ಲಿ ರಂಧ್ರವೇ ಇಲ್ಲದ ಗಾಜಿನ ಪಾತ್ರೆಯಲ್ಲಿ ಗಿಡ ಇಡುವವರು ತಳಕ್ಕೆ ಕಲ್ಲು ಹಾಕುತ್ತಾರೆ. ಅದರಿಂದ ನೀರು ಬಸಿಯುವುದಿಲ್ಲ, ಹೆಚ್ಚಾದ ನೀರು ಎಷ್ಟು ಸೇರಿದೆ ಎಂದು ಕಣ್ಣಿಗೆ ಕಾಣುತ್ತದೆ, ಅಷ್ಟೇ. ಕಲ್ಲಿನ ನಡುವೆ ನೀರು ಕಂಡ ದಿನ ಎರೆಯುವುದನ್ನು ನಿಲ್ಲಿಸಬೇಕು.

ಹಾಕಿದ ಮೇಲೆ ನೋಡುವುದು

ಗೆರೆ ಉಳಿದಿದೆಯೋ ಅಳಿದಿದೆಯೋ ಎಂದು ತಿಳಿಯಲು ಒಣಗಿದ, ಬಣ್ಣ ಹಚ್ಚದ ಮರದ ಕಡ್ಡಿಯೊಂದು ಸಾಕು. ನೀರುಣಿಸಿದ ಮರುದಿನ ಅದನ್ನು ಕುಂಡದ ತಳದವರೆಗೆ ಚುಚ್ಚಿ, ಕಾಲು ಗಂಟೆ ಬಿಟ್ಟು ಹೊರತೆಗೆದು ನೋಡಿ. ಒಂದೇ ಮಿಶ್ರಣವಾಗಿದ್ದರೆ ತೇವದ ಬಣ್ಣ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಗಾಢವಾಗುತ್ತ ಹೋಗಿರುತ್ತದೆ. ನಡುವೆ ಎಲ್ಲೋ ಕಪ್ಪು ಪಟ್ಟಿ, ಅದರ ಕೆಳಗೆ ಮತ್ತೆ ಒಣಗಿದ ಬಣ್ಣ ಕಂಡರೆ ಅಲ್ಲೇ ನೀರು ನಿಂತಿದೆ. ಮೂಗಿಗೆ ಹಿಡಿದರೆ ವಾಸನೆಯೂ ಸಿಗುತ್ತದೆ. ಅಂಥ ಕುಂಡವನ್ನು ಇನ್ನೊಂದು ವಾರ ಕಾಯಿಸದೆ ಬೋರಲು ಹಾಕಿ, ಕೊಳೆತ ಬೇರು ಕತ್ತರಿಸಿ, ಜಲ್ಲಿಯನ್ನೂ ಮಣ್ಣನ್ನೂ ಬೇರ್ಪಡಿಸಿ ಹೊಸದಾಗಿ ತುಂಬಬೇಕು. ಏರುಮಡಿಯಲ್ಲಾದರೆ ಬೆಳೆ ಕಿತ್ತ ಮೇಲೆ ಒಂದು ಮೂಲೆಯಲ್ಲಿ ಒಂದೂವರೆ ಅಡಿ ಆಳಕ್ಕೆ ನೆಟ್ಟಗೆ ಕಡಿದು ನೋಡಿ. ಹಳೆಯ ಬೇರುಗಳು ಹೊಸ ಮಣ್ಣಿನ ಅಂಚಿನವರೆಗೆ ಬಂದು ಚಾಪೆಯಂತೆ ಅಡ್ಡಲಾಗಿ ತಿರುಗಿದ್ದರೆ ಹೊಲಿಗೆ ಬಿಟ್ಟಿದೆ ಎಂದರ್ಥ, ಮುಂದಿನ ನಾಟಿಗೆ ಮೊದಲು ಆ ಭಾಗವನ್ನು ಮತ್ತೊಮ್ಮೆ ಅಗೆದು ಬೆರೆಸಬೇಕು. ಅವು ಕೆಳಗಿನ ನೆಲದೊಳಕ್ಕೆ ನೇರವಾಗಿ ಇಳಿದಿದ್ದರೆ ಗುಂಡಿ ಮುಚ್ಚಿ ಮುಂದಿನ ಬಿತ್ತನೆಗೆ ತೊಡಗಬಹುದು.